ಮೃತ ಸಮುದ್ರದಲ್ಲೂ ಮುಳುಗುತ್ತಾರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುಟದಲ್ಲಿ ಮೃತ ಸಮುದ್ರದ ಬಗ್ಗೆ ಬರೆಯುತ್ತ, ಅಲ್ಲಿ ಈಜು ಬಾರದವರೂ ನಿಶ್ಚಿಂತೆಯಿಂದ ಇಳಿಯಬಹುದು, ಯಾರೂ ಮುಳುಗುವುದಿಲ್ಲ ಎಂದಿದ್ದೀರಿ. ಇಸ್ರೇಲಿನಲ್ಲಿ ಆರು ವರ್ಷ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವಳು ನಾನು. ಅವರ ಗಂಟುನೋವಿಗೆಂದು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆವು. ಮಕ್ಕಳಿಗೆ ಹೇಳಬಾರದ ಮಾತು ಅದು.

ತೇಲುವುದೇನೋ ನಿಜ. ಸಾಗರದ ನೀರಿಗಿಂತ ಸುಮಾರು ಹತ್ತು ಪಟ್ಟು ಉಪ್ಪು; ಒಂದು ಲೀಟರ್ ನೀರು ಹತ್ತಿರಹತ್ತಿರ ಒಂದೂಕಾಲು ಕಿಲೋ ತೂಗುತ್ತದೆ. ಅಂಗಾತ ಒರಗಿದರೆ ಕಾಲು ತಾನಾಗಿ ಮೇಲೆ ಬರುತ್ತದೆ. ಆದರೆ ಆಯ ತಪ್ಪಿ ಬೋರಲಾದರೆ ಕಾಲೂರಿ ಏಳಲು ನೀರು ಬಿಡುವುದಿಲ್ಲ. ಅಜ್ಜಿಗೆ ಒಮ್ಮೆ ಹಾಗೇ ಆಯಿತು, ಸೊಂಟದ ಮಟ್ಟದ ನೀರಿನಲ್ಲಿ. ಭುಜ ಹಿಡಿದು ಮಗುಚಿದೆ. ಎರಡೇ ಗುಟುಕು ಒಳಗೆ ಹೋಗಿತ್ತು, ಆದರೂ ದಡದ ಕಾವಲುಗಾರ ಆಸ್ಪತ್ರೆಗೆ ಕಳಿಸಿಯೇ ಬಿಟ್ಟ. ಆ ನೀರು ಹೊಟ್ಟೆಗೆ ಹೋದರೆ ರಕ್ತದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಏರಿ ಹೃದಯಕ್ಕೇ ತೊಂದರೆ. ಅಲ್ಲಿ ಮುಳುಗಿ ಸತ್ತವರೂ ಇದ್ದಾರೆ.

ನಾನು ಬೆಳೆದದ್ದು ಸಾಣಿಕಟ್ಟಾದ ಉಪ್ಪಿನ ಆಗರದ ಪಕ್ಕ. ಉಪ್ಪು ಬಾಚಿದ ಮೇಲೆ ಉಳಿದ ನೀರನ್ನು ಚಿಕ್ಕವರಿದ್ದಾಗ ನಾಲಿಗೆಗೆ ಮುಟ್ಟಿಸಿ ಥೂ ಎಂದು ಉಗುಳುತ್ತಿದ್ದೆವು, ಅಷ್ಟು ಕಹಿ. ಮೃತ ಸಮುದ್ರದ್ದು ಥೇಟ್ ಅದೇ ರುಚಿ, ಬೆರಳಿಗೆ ಎಣ್ಣೆ ಸವರಿದಂತೆ ಜಾರು. ಅದರ ದಡವೇ ಸಮುದ್ರಮಟ್ಟಕ್ಕಿಂತ ಸುಮಾರು 430 ಮೀಟರ್ ಕೆಳಗಿದೆ. ಜೋರ್ಡಾನ್ ನದಿ ತಂದ ನೀರಿಗೆ ಹೊರಹೋಗಲು ದಾರಿಯಿಲ್ಲ. ಬಿಸಿಲಿಗೆ ನೀರು ಆರಿದಂತೆ ಅಡುಗೆ ಉಪ್ಪು ತಳಕ್ಕಿಳಿದು ಕಲ್ಲಾಗುತ್ತದೆ (ರಬ್ಬರ್ ಚಪ್ಪಲಿ ಇಲ್ಲದಿದ್ದರೆ ಪಾದ ಕೊಯ್ಯುತ್ತದೆ), ಕಹಿಯ ಮೆಗ್ನೀಸಿಯಂ ಕ್ಲೋರೈಡ್ ನೀರಲ್ಲೇ ಉಳಿಯುತ್ತದೆ. ಅದೂ ಒಂದು ಆಗರವೇ, ದೇವರು ಕಟ್ಟಿದ್ದು.

ಒಂದು ಜೀವಿಯೂ ಇಲ್ಲ ಎಂದದ್ದೂ ಸರಿಯಲ್ಲ. ಮೀನಿಲ್ಲ, ಒಪ್ಪಿದೆ. ಉಪ್ಪಲ್ಲೇ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿರುವುದು 1930ರ ದಶಕದಲ್ಲೇ ಗೊತ್ತಾಗಿದೆ. 1992ರಲ್ಲಿ, ಜೋರು ಮಳೆಗಾಲವಾದ ಮೇಲೆ, ಅವು ಹೆಚ್ಚಿ ನೀರೇ ಕೆಂಪಾಗಿತ್ತು. ಇನ್ನು ನದಿಯ ನೀರನ್ನು ಮೇಲೆಯೇ ತಿರುಗಿಸಿಕೊಂಡು ಸರೋವರ ವರ್ಷಕ್ಕೆ ಮೀಟರಿನಷ್ಟು ಇಳಿಯುತ್ತಿರುವುದನ್ನು, ದಡದುದ್ದಕ್ಕೂ ನೆಲ ಕುಸಿದು ಗುಂಡಿ ಬೀಳುತ್ತಿರುವುದನ್ನು ನೀವು ಬರೆಯಲೇ ಇಲ್ಲ.

ಐದನೇ ತರಗತಿಯ ನನ್ನ ಅಕ್ಕನ ಮಗ ಆ ಪುಟ ಕತ್ತರಿಸಿ ಗೋಡೆಗೆ ಅಂಟಿಸಿದ್ದಾನೆ. ಬರುವ ಭಾನುವಾರ ತಿದ್ದುಪಡಿ ಹಾಕಿದರೆ ಅದನ್ನೂ ಪಕ್ಕದಲ್ಲಿ ಅಂಟಿಸಲು ಹೇಳುತ್ತೇನೆ.

– ಓರ್ವ ಓದುಗಿ, ಕುಮಟಾ