ನಲವತ್ತರ ಗೆರೆಯನ್ನು ಕಂಡವರಿಗೆ

ನಿನ್ನೆ ಸಂಜೆ ನಮ್ಮ ಟೊಕಮಾಕ್‌ನಲ್ಲಿ, ಅಂದರೆ ಪ್ಲಾಸ್ಮಾ ಎಂಬ ಅತಿ ಬಿಸಿ ಅನಿಲವನ್ನು ಕಾಂತಕ್ಷೇತ್ರದಿಂದ ಉಂಗುರವಾಗಿ ಹಿಡಿದಿಡುವ ಯಂತ್ರದಲ್ಲಿ, ಹನ್ನೊಂದು ವಾರಗಳ ನಂತರ ಮತ್ತೆ ಪ್ಲಾಸ್ಮಾ ಹೊತ್ತಿ ಉಳಿಯಿತು. ಕ್ಯಾಮೆರಾದ ಪರದೆಯ ಮೇಲೆ ತೆಳು ಗುಲಾಬಿ ಬೆಳಕು ಉಂಗುರದಂತೆ ಸುತ್ತಿಕೊಂಡು ಕಾಲು ಸೆಕೆಂಡಿನಲ್ಲಿ ಮಾಯವಾಯಿತು. ಆ ಬಣ್ಣ ಅಂಚಿನದು ಮಾತ್ರ. ನಡುಭಾಗದ ಬಿಸಿಗೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುವುದರಿಂದ ಅಲ್ಲಿಂದ ಕಣ್ಣಿಗೆ ಕಾಣುವ ಬೆಳಕು ಬರುವುದೇ ಅಪರೂಪ. ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ ಬಿತ್ತು, ಎಲ್ಲರೂ ನನ್ನ ಕೈ ಕುಲುಕಿದರು. ನಿನ್ನೆಯ ಶಾಟ್‌ಗಳ, ಅಂದರೆ ಪ್ಲಾಸ್ಮಾ ಹೊತ್ತಿಸುವ ಒಂದೊಂದು ಪ್ರಯತ್ನದ, ಹೊಣೆ ನನ್ನದಾಗಿತ್ತು, ನಿಜ. ಆದರೆ ಆ ಅಭಿನಂದನೆ ಯಾರಿಗೆ ಸಲ್ಲಬೇಕಿತ್ತೋ ಅವರಲ್ಲಿ ಹಲವರು ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿ ನಿದ್ದೆ ಹೋಗಿದ್ದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ಲಾಸ್ಮಾ ಹುಟ್ಟಬೇಕಾದ ಪಾತ್ರೆಯೊಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿರುತ್ತೇವೆ. ಅಲ್ಲಿಗೆ ಒಂದಿಷ್ಟು ಆಮ್ಲಜನಕ ನುಸುಳಿದರೂ ಸಾಕು, ನಾವು ತುಂಬಿದ ಶಕ್ತಿಯನ್ನೆಲ್ಲ ಅದು ಬೆಳಕಾಗಿ ಹೊರಗೆ ಚೆಲ್ಲಿಬಿಡುತ್ತದೆ. ಆ ಹನ್ನೊಂದು ವಾರಗಳ ಆರಂಭದಲ್ಲಿ ಆದದ್ದು ಅದೇ. ಕಾಂತಕ್ಷೇತ್ರದ ಸುರುಳಿಗಳಲ್ಲಿ ವಿದ್ಯುತ್ ಪ್ರವಾಹ ಸರಿಯಾಗಿ ಹರಿಯುತ್ತಿತ್ತು, ಅನಿಲ ಸರಿಯಾಗಿ ಒಳಗೆ ಹೋಗುತ್ತಿತ್ತು. ಪ್ಲಾಸ್ಮಾ ಮಾತ್ರ ಹೊತ್ತಿಕೊಂಡ ಕ್ಷಣದಲ್ಲೇ ಸಾಯುತ್ತಿತ್ತು.

ಗೋಡೆಗೆ ಅಂಟಿದ ನೀರಿನ ಅಂಶವೇ ಕಾರಣವೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಒಳಗೆ ಉಳಿದ ಅನಿಲಗಳನ್ನು ತೂಕದ ಪ್ರಕಾರ ಬಿಡಿಸಿ ತೋರಿಸುವ ಉಪಕರಣದಲ್ಲಿ ನೀರಿನ ಗೆರೆ, ಅಂದರೆ 18, ಎತ್ತರವಾಗಿ ನಿಂತಿತ್ತು. ಪಾತ್ರೆಯನ್ನು 150 ಡಿಗ್ರಿಗೆ ಕಾಯಿಸಿ, ದಿನಗಟ್ಟಲೆ ಪಂಪ್ ಓಡಿಸಿ ಒಣಗಿಸಿದರೆ ಸರಿಹೋಗುತ್ತದೆ ಎಂದೆ. ನಿರ್ವಾತ ವಿಭಾಗದ ಹಿರಿಯ ತಂತ್ರಜ್ಞರು ಮಾತ್ರ ನಾನು ನೋಡದ ಕಡೆ ನೋಡುತ್ತಿದ್ದರು. ಒಂದು ಬೆಳಗಿನ ಜಾವ, ಪಾತ್ರೆ ಪೂರ್ತಿ ಕಾದಿದ್ದಾಗ, ಪರದೆಯ ಬಲತುದಿಯ ಒಂದು ಗಿಡ್ಡ ಗೆರೆಯ ಮೇಲೆ ಬೆರಳಿಟ್ಟು, "ಈ ನಲವತ್ತು ನಿಧಾನವಾಗಿ ಏಳುತ್ತಿದೆ ನೋಡಿ" ಎಂದರು. 40 ಎಂದರೆ ಆರ್ಗಾನ್. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಒಂದಕ್ಕಿಂತ ತುಸು ಕಡಿಮೆ, ಗೋಡೆ ಅದನ್ನು ಹೀರಿಕೊಳ್ಳುವುದೂ ಇಲ್ಲ. ಹೊರಗಿನ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿತ್ತು. ಅದೂ ಕಾದಾಗ ಮಾತ್ರ ತೆರೆದುಕೊಂಡು, ತಣಿದಾಗ ಬಹುಮಟ್ಟಿಗೆ ಮುಚ್ಚಿಕೊಳ್ಳುವ ಸೋರಿಕೆ. ಹುಡುಕಲು ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

ಸಾಮಾನ್ಯವಾಗಿ ಹೊರಗಿನಿಂದ ಹೀಲಿಯಂ ಊದಿ ಸೋರಿಕೆ ಹುಡುಕುತ್ತೇವೆ. ಆದರೆ ವರ್ಷಗಳಿಂದ ಡ್ಯೂಟೀರಿಯಂ, ಅಂದರೆ ಭಾರ ಜಲಜನಕ, ಕುಡಿದ ಗೋಡೆ ಕಾದಾಗ ಅದನ್ನೇ ಉಗುಳುತ್ತದೆ. ಡ್ಯೂಟೀರಿಯಂ ಅಣುವಿನ ತೂಕವೂ 4, ಹೀಲಿಯಂನದೂ 4. ಯಾವುದು ಯಾವುದೆಂದು ನಮ್ಮ ಉಪಕರಣಕ್ಕೆ ತಿಳಿಯುತ್ತಿರಲಿಲ್ಲ. ಎರಡು ರಾತ್ರಿ ಸುಳ್ಳು ಸುಳಿವುಗಳ ಬೆನ್ನುಹತ್ತಿದ ಮೇಲೆ ಆ ಹಿರಿಯ ತಂತ್ರಜ್ಞರೇ ಹೇಳಿದರು: "ಹೀಲಿಯಂ ಬಿಡೋಣ. ಆರ್ಗಾನನ್ನೇ ಊದೋಣ, ನಲವತ್ತನ್ನೇ ನೋಡೋಣ."

ಹಗುರ ಹೀಲಿಯಂ ಮೇಲೇರುವುದರಿಂದ ಹುಡುಕಾಟವನ್ನು ಮೇಲಿನಿಂದ ಶುರುಮಾಡುವುದು ರೂಢಿ. ಆರ್ಗಾನ್ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಹಾಗಾಗಿ ಯಂತ್ರದ ಅಡಿಯ ಗುಂಡಿಯಿಂದ ಆರಂಭಿಸಬೇಕಾಯಿತು. ಇಲ್ಲಿ ಸುರಕ್ಷತಾ ಅಧಿಕಾರಿಗೆ ವಿಶೇಷವಾಗಿ ಕೈಮುಗಿಯುತ್ತೇನೆ. ತಗ್ಗಿನಲ್ಲಿ ಆರ್ಗಾನ್ ಶೇಖರವಾದರೆ ಉಸಿರಾಡುವ ಗಾಳಿಯನ್ನು ಅದು ಪಕ್ಕಕ್ಕೆ ತಳ್ಳುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಮುನ್ಸೂಚನೆಯೂ ಇಲ್ಲ. ಆಮ್ಲಜನಕ ಮಾಪಕವನ್ನೂ ಗಾಳಿ ಎಳೆಯುವ ಫ್ಯಾನನ್ನೂ ಅಳವಡಿಸುವವರೆಗೆ ಅವರು ಯಾರನ್ನೂ ಇಳಿಯಲು ಬಿಡಲಿಲ್ಲ. ಅವಸರದಲ್ಲಿದ್ದ ನಾನು ಅಂದು ದನಿ ಏರಿಸಿ ಮಾತನಾಡಿದೆ. ಕ್ಷಮಿಸಿ. ನೀವು ಮಾಡಿದ್ದೇ ಸರಿ.

ಆಮೇಲೆ ನಾಲ್ಕು ರಾತ್ರಿ ಇಬ್ಬರು ಕಿರಿಯ ತಂತ್ರಜ್ಞರು ದಪ್ಪ ಕೈಗವಸು ತೊಟ್ಟು, ಪಾತ್ರೆಗೆ ಭಾಗಗಳನ್ನು ಬಿಗಿಯುವ ಅಂಚುಪಟ್ಟಿಯಾದ ಒಂದೊಂದೇ ಫ್ಲೇಂಜಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಆರ್ಗಾನ್ ತುಂಬಿ, ಒಂದೊಂದಕ್ಕೂ ಎರಡು ನಿಮಿಷ ಕಾದರು. ಬಿಸಿಗೆ ಟೇಪು ನಿಲ್ಲುತ್ತಿರಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ನಾಲ್ಕನೆಯ ರಾತ್ರಿ ಮೂರೂಕಾಲಿಗೆ ಗೆರೆ ಥಟ್ಟನೆ ಎದ್ದು ನಿಂತಿತು. ತಳದ ಒಂದು ಕಿಟಕಿಯ ಫ್ಲೇಂಜ್. ತಣಿಸಿ ಬಿಚ್ಚಿ, ಟಾರ್ಚ್ ಬೆಳಕನ್ನು ಓರೆಯಾಗಿ ಹಿಡಿದಾಗ, ಸೋರದಂತೆ ನಡುವೆ ಕೂರಿಸುವ ತಾಮ್ರದ ಗ್ಯಾಸ್ಕೆಟನ್ನು ಕಚ್ಚಿ ಹಿಡಿಯಬೇಕಾದ ಚೂಪು ಅಂಚಿನಲ್ಲಿ ಒಂದು ಗೀರು ಕಂಡಿತು. ಉಗುರು ಎಳೆದರೆ ತಡೆಯುವಷ್ಟೇ ಗೀರು.

ಬದಲಿ ಕಿಟಕಿ ಇರಲಿಲ್ಲ. ಲೋಹದ ಮುಚ್ಚಳ ಹಾಕಿಬಿಟ್ಟರೆ ಯಂತ್ರ ಓಡುತ್ತಿತ್ತು. ಆದರೆ ಆ ಕಿಟಕಿಯ ಮೂಲಕ ಪ್ಲಾಸ್ಮಾದ ಬೆಳಕನ್ನು ಅಳೆಯುತ್ತಿದ್ದುದು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಅವರ ಎರಡು ವರ್ಷಗಳ ದುಡಿಮೆ ಅದರ ಹಿಂದಿತ್ತು. ಕಿಟಕಿ ಎಂದರೇನೆಂದು ನಮ್ಮ ಕ್ಷೇತ್ರದವರಿಗೆ ಗೊತ್ತು. 1968ರಲ್ಲಿ ಸೋವಿಯತ್ ವಿಜ್ಞಾನಿಗಳು ಟಿ-3 ಟೊಕಮಾಕ್‌ನ ತಾಪಮಾನ ಹೇಳಿದಾಗ ಹೊರಗಿನ ಹಲವರು ನಂಬಲಿಲ್ಲ. ಮರುವರ್ಷ ಬ್ರಿಟನ್ನಿನ ತಂಡವೊಂದು ತನ್ನ ಲೇಸರ್ ಉಪಕರಣಗಳನ್ನು ಮಾಸ್ಕೋಗೆ ಹೊತ್ತೊಯ್ದು, ಚದುರಿ ಹೊರಬಂದ ಬೆಳಕನ್ನು ಅಳೆದು, ಸುಮಾರು ಒಂದು ಕೋಟಿ ಡಿಗ್ರಿ ನಿಜವೆಂದು ತೋರಿಸಿತು. ಜಗತ್ತು ಟೊಕಮಾಕ್ ಕಡೆ ತಿರುಗಿದ್ದು ಆಮೇಲೆ. ಅಂಥ ಕಿಟಕಿಯನ್ನು ಮುಚ್ಚಲೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಾನು ಕೇಳುವ ಮೊದಲೇ ಆ ವಿದ್ಯಾರ್ಥಿನಿ ಹೇಳಿದರು, "ಮುಚ್ಚಿಬಿಡಿ ಸರ್. ಪಕ್ಕದ ಕಿಂಡಿಯಿಂದ ಅಂಚಾದರೂ ಕಾಣುತ್ತದೆ."

ಪಂಪುಗಳನ್ನು ಹಗಲೂ ರಾತ್ರಿ ಕಾದವರಿಗೆ, ಮುಚ್ಚಳವನ್ನು ಒಂದೇ ದಿನದಲ್ಲಿ ಕಡೆದುಕೊಟ್ಟ ವರ್ಕ್‌ಶಾಪಿನವರಿಗೆ, ಪ್ರತಿ ಸಲ ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳನ್ನು ಭೂಸಂಪರ್ಕಕ್ಕೆ ಜೋಡಿಸಿ ಬೀಗದ ಕೈ ಕೊಡುತ್ತಿದ್ದ ವಿದ್ಯುತ್ ವಿಭಾಗದವರಿಗೆ ನನ್ನ ಮನಸ್ಸು ತುಂಬಿದ ನಮಸ್ಕಾರಗಳು.

ನಿನ್ನೆಯ ಮೊದಲ ಮೂರು ಶಾಟ್‌ಗಳು ಹೊತ್ತಲಿಲ್ಲ. ನಾಲ್ಕನೆಯದು ಹೊತ್ತಿ ಉಳಿಯಿತು. ಲಾಗ್ ಬುಕ್ಕಿನಲ್ಲಿ ಆ ಶಾಟ್ ಸಂಖ್ಯೆಯ ಪಕ್ಕದಲ್ಲಿ ನಿಮ್ಮೆಲ್ಲರ ಹೆಸರುಗಳನ್ನೂ ಬರೆದಿದ್ದೇನೆ. ಇನ್ನು ಆ ಕಿಟಕಿಯ ಮಾತು: ಹೊಸದಕ್ಕೆ ಬೇಡಿಕೆ ಹೋಗಿದೆ. ಮುಂದಿನ ಬಾರಿ ಪಾತ್ರೆ ತೆರೆದಾಗ ಮೊದಲು ಬಿಚ್ಚುವುದು ಆ ಮುಚ್ಚಳವನ್ನೇ ಎಂದು ಕೆಲಸದ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದು ಸಹಿ ಹಾಕಿದ್ದೇನೆ.