ಕಸಿ ಚಾಕು ಕೇಳಿದರೆ ಬಟನ್ ಚಾಕು ಕಳುಹಿಸಿದ ಬಗ್ಗೆ ದೂರು ಪತ್ರ

ಇಂದ:
ಒಬ್ಬ ನರ್ಸರಿ ಮಾಲೀಕ,
ಹುಮನಾಬಾದ್ ತಾಲ್ಲೂಕು, ಬೀದರ್ ಜಿಲ್ಲೆ

ಗೆ:
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಮಾರಾಟ ಸಂಸ್ಥೆ

ವಿಷಯ: ಕಸಿ ಚಾಕುವೆಂದು ತೋರಿಸಿ ಸ್ಪ್ರಿಂಗ್ ಬಟನ್ ಚಾಕು ಕಳುಹಿಸಿ, ಅದನ್ನು ಹಿಂಪಡೆಯಲು ನಿರಾಕರಿಸಿರುವ ಕುರಿತು.

ಮಾನ್ಯರೇ,

ನಾನು ಹುಮನಾಬಾದ್ ತಾಲ್ಲೂಕಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಾವು, ಪೇರಲ ಮತ್ತು ಚಿಕ್ಕು ಸಸಿಗಳ ನರ್ಸರಿ ನಡೆಸುತ್ತಿದ್ದೇನೆ. ಮುಂಗಾರು ಹಿಡಿದ ಮೇಲೆ ಮಾವಿಗೆ ಕಸಿ ಕಟ್ಟುವ ಕೆಲಸ ಶುರುವಾಗುವುದರಿಂದ, ಕಳೆದ ಜೂನ್ ತಿಂಗಳಲ್ಲಿ ತಮ್ಮ ಆ್ಯಪ್‌ನ ತೋಟಗಾರಿಕೆ ವಿಭಾಗದಲ್ಲಿ ‘ಮಡಚುವ ಕಸಿ ಚಾಕು’ ಎಂಬ ಹೆಸರಿನಡಿ ಇದ್ದ ವಸ್ತುವನ್ನು 649 ರೂಪಾಯಿ ಕೊಟ್ಟು ತರಿಸಿದೆನು. ಐದನೆಯ ದಿನ ಬಂದ ಪೊಟ್ಟಣದಲ್ಲಿ ಇದ್ದದ್ದು ಹಿಡಿಯ ಮೇಲಿನ ಗುಂಡಿ ಒತ್ತಿದೊಡನೆ ಅಲಗು ತಾನಾಗಿ ಚಿಮ್ಮಿ ನಿಲ್ಲುವ ಬಟನ್ ಚಾಕು.

ಕಸಿ ಕಟ್ಟುವವರು ಚಾಕುವಿನಲ್ಲಿ ಏನು ನೋಡುತ್ತಾರೆ ಎಂಬುದನ್ನು ಹೇಳದಿದ್ದರೆ ಈ ದೂರಿನ ತೂಕ ತಮಗೆ ತಿಳಿಯಲಾರದು. ಕಸಿ ಚಾಕುವಿಗೆ ಒಂದೇ ಬದಿಗೆ ಸಾಣೆ ಇರುತ್ತದೆ, ಇನ್ನೊಂದು ಬದಿ ಚಪ್ಪಟೆಯಾಗಿರುತ್ತದೆ. ಹಾಗಿದ್ದಾಗ ಮಾತ್ರ ಕಸಿಕಡ್ಡಿಯ ತುದಿಯನ್ನು ಬೆಣೆಯಂತೆ ನೇರವಾಗಿ ಕೆತ್ತಲು ಸಾಧ್ಯ, ಮತ್ತು ಬೇರುಸಸಿಯ ಸೀಳಿನಲ್ಲಿ ಅದನ್ನು ಕೂಡಿಸಿದಾಗ ತೊಗಟೆಯ ಕೆಳಗಿನ ಹಸಿರು ಪದರಗಳು ನಡುವೆ ಗಾಳಿ ಸೇರದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಾವು ಕಳುಹಿಸಿದ ಚಾಕುವಿಗೆ ಎರಡೂ ಬದಿ ಸಾಣೆ, ಮೊನೆ ಈಟಿಯಂತೆ ಚೂಪು, ಅಲಗು ಬುಡದಲ್ಲಿ ಅಲುಗಾಡುತ್ತದೆ. ಅದರಿಂದ ಕೆತ್ತಿದ ಬೆಣೆ ಉಬ್ಬಿ ಬರುತ್ತದೆ, ಕಸಿ ಹತ್ತುವುದಿಲ್ಲ. ಕಸಿಕಡ್ಡಿಗಳ ಎಲೆಗಳನ್ನು ಹತ್ತು ದಿನ ಮೊದಲೇ ಸವರಿ, ತುದಿಯ ಮೊಗ್ಗು ಉಬ್ಬುವುದನ್ನು ಕಾದಿದ್ದ ಹೊತ್ತಿನಲ್ಲಿ ಇದು ಕೈಗೆ ಬಂದುದರಿಂದ, ಹಳೆಯ ಚಾಕುವಿಗೇ ಸಾಣೆ ಹಿಡಿಸಿ ಕೆಲಸ ಸಾಗಿಸಬೇಕಾಯಿತು. ಆ ನಷ್ಟಕ್ಕಾಗಿ ನಾನು ಪರಿಹಾರ ಕೇಳುತ್ತಿಲ್ಲ.

ನನ್ನ ಚಿಂತೆ ಬೇರೆಯದು. ಪೊಟ್ಟಣ ಒಡೆದ ದಿನ ನನ್ನ ಹನ್ನೊಂದು ವರ್ಷದ ಮೊಮ್ಮಗ ಅದನ್ನು ಎತ್ತಿಕೊಂಡು ಗುಂಡಿ ಒತ್ತಿದ್ದರಿಂದ ಅವನ ಹೆಬ್ಬೆರಳು ಮತ್ತು ತೋರುಬೆರಳಿನ ಸಂದು ಸೀಳಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿಸಬೇಕಾಯಿತು. ಅದೇ ಸಂಜೆ ಅವನನ್ನು ನೋಡಲು ಬಂದ ಓಣಿಯ ಇಬ್ಬರು ಕಾಲೇಜು ಹುಡುಗರು ಗಾಯದ ಬಗ್ಗೆ ಒಂದು ಮಾತು ಕೇಳುವ ಮೊದಲು ‘ಕಾಕಾ, ಇದು ಎಲ್ಲಿ ಸಿಗತದ, ಲಿಂಕ್ ಕಳಿಸ್ರಿ’ ಎಂದು ಕೇಳಿದರು. ಈ ಚಾಕುಗಳಿಗೆ ಬೇಡಿಕೆ ಇದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಮರುದಿನದಿಂದ ತಮ್ಮ ಆ್ಯಪ್ ತೆರೆದಾಗಲೆಲ್ಲ ಕಸಿಪಟ್ಟಿ, ಪಾಲಿಥೀನ್ ಚೀಲಗಳ ಬದಲಾಗಿ ಕಪ್ಪು ಬಣ್ಣದ, ಹಲ್ಲಿನ ಅಲಗಿನ, ಬುರುಡೆಯ ಚಿತ್ರವಿರುವ ಬಟನ್ ಚಾಕುಗಳನ್ನೇ ಸಾಲಾಗಿ ತೋರಿಸಲಾಗುತ್ತಿದ್ದು, ಅವುಗಳಲ್ಲಿ ಕೆಲವು ‘ಹಣ್ಣು ಕತ್ತರಿಸುವ ಚಾಕು’, ಕೆಲವು ‘ಕೀಚೈನ್’, ಇನ್ನು ಕೆಲವು ‘ಉಡುಗೊರೆ’ ಎಂಬ ಹೆಸರಿನಲ್ಲಿವೆ. ಕೊಳ್ಳುವವರ ವಯಸ್ಸನ್ನು ಎಲ್ಲಿಯೂ ಕೇಳುವುದಿಲ್ಲ.

ತಮ್ಮ ಗ್ರಾಹಕ ಸೇವಾ ಪ್ರತಿನಿಧಿ ಫೋನಿನಲ್ಲಿ ‘ಭಾರತದಲ್ಲಿ ಇದಕ್ಕೆ ಯಾವ ನಿರ್ಬಂಧವೂ ಇಲ್ಲ ಸರ್’ ಎಂದು ಹೇಳಿದರು. ಈ ಮಾತು ಪೂರ್ತಿ ಸರಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಕೇವಲ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದು ಮಾಡಿದ ವಸ್ತುಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಬಳಕೆಯವನ್ನು ಬಿಟ್ಟು, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಿವೆ. ನನಗೆ ಬಂದ ಚಾಕುವಿನ ಅಲಗನ್ನು ಅಳೆದು ನೋಡಿದ್ದೇನೆ: ಉದ್ದ 9 ಸೆಂಟಿಮೀಟರ್, ಅಗಲ 2 ಸೆಂಟಿಮೀಟರ್. ಈ ಅಳತೆಯ ಮಟ್ಟಿಗೆ ತಮ್ಮ ಪ್ರತಿನಿಧಿಯ ಮಾತನ್ನು ಒಪ್ಪಬಹುದು. ಆದರೆ ಅದೇ ಕಾಯ್ದೆಯ 4ನೆಯ ಕಲಮು ನಿರ್ದಿಷ್ಟ ಪ್ರದೇಶಗಳಲ್ಲಿ ನಿರ್ದಿಷ್ಟ ಬಗೆಯ ಶಸ್ತ್ರಗಳಿಗೆ ಪರವಾನಗಿ ಕಡ್ಡಾಯ ಮಾಡಲು ಅವಕಾಶ ಕೊಡುತ್ತದೆ, ಮತ್ತು ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು 7.62 ಸೆಂಟಿಮೀಟರ್ ಉದ್ದ ಹಾಗೂ 1.72 ಸೆಂಟಿಮೀಟರ್ ಅಗಲ ಮುಟ್ಟಿದ ಅಲಗಿನ ಬಟನ್ ಚಾಕುಗಳನ್ನು ನಿರ್ಬಂಧಕ್ಕೆ ಒಳಪಡಿಸಿದೆ. ಅಂದರೆ ನನ್ನ ಪೆಟ್ಟಿಗೆಯಲ್ಲಿರುವ ಇದೇ ಚಾಕುವನ್ನು ತಾವು ದೆಹಲಿಯ ವಿಳಾಸಕ್ಕೆ ಕಳುಹಿಸಿದರೆ, ‘ಹಣ್ಣಿನ ಚಾಕು’ ಎಂದು ನಂಬಿ ತರಿಸಿದ ಬಡಪಾಯಿಯ ಮೇಲೆ ಪೊಲೀಸ್ ಪ್ರಕರಣ ದಾಖಲಾಗಬಹುದು. ನಮ್ಮ ಬೀದರಿನಿಂದ ದೆಹಲಿಗೆ ಕೆಲಸ ಹುಡುಕಿಕೊಂಡು ಹೋಗುವ ಹುಡುಗರು ಬಹಳ ಮಂದಿ; ಅವರ ಚೀಲದಲ್ಲಿ ಇಂಥದೊಂದು ಸಿಕ್ಕರೆ ಆಗುವ ಗತಿಯನ್ನು ತಾವು ಯೋಚಿಸಬೇಕು.

ಬಟನ್ ಚಾಕುವನ್ನು ಕಾನೂನು ಬೇರೆಯಾಗಿ ಕಾಣುವುದು ನಮ್ಮ ದೇಶದಲ್ಲಿ ಮಾತ್ರವಲ್ಲ. ಅಮೆರಿಕವು 1958ರಲ್ಲಿ ರಾಜ್ಯಗಳ ನಡುವೆ ಇವುಗಳ ವ್ಯಾಪಾರವನ್ನು ನಿಷೇಧಿಸಿತು, ಬ್ರಿಟನ್ 1959ರಲ್ಲಿ ಇವುಗಳ ಮಾರಾಟವನ್ನೇ ನಿಲ್ಲಿಸಿತು. ಅಮೆರಿಕದ ಹಲವು ರಾಜ್ಯಗಳು ಈಚೆಗೆ ತಮ್ಮ ನಿಷೇಧಗಳನ್ನು ಸಡಿಲಿಸಿರುವುದೂ ನಿಜ, ಮತ್ತು ಒಂದೇ ಕೈಯಿರುವವರು 3 ಇಂಚು ಮೀರದ ಅಲಗಿನ ಇಂಥ ಚಾಕುವನ್ನು ತಮ್ಮೊಡನೆ ಒಯ್ಯಲು 1958ರ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಬೆರಳಿನಿಂದ ತಳ್ಳಿದ ಮೇಲೆ ಸ್ಪ್ರಿಂಗ್ ನೆರವಾಗುವ ಚಾಕುಗಳನ್ನು 2009ರ ತಿದ್ದುಪಡಿಯಲ್ಲಿ ಆ ನಿಷೇಧದಿಂದ ಹೊರಗಿಡಲಾಯಿತು. ಹೀಗೆ ಚಾಕು ಹೇಗೆ ತೆರೆದುಕೊಳ್ಳುತ್ತದೆ ಎಂಬುದರ ಮೇಲೆಯೇ ಕಾನೂನು ನಿಂತಿರುವಾಗ, ತಮ್ಮ ಆ್ಯಪ್‌ನ ವಿವರಣೆಯಲ್ಲಿ ಅಲಗಿನ ಅಳತೆಯಾಗಲಿ, ಸ್ಪ್ರಿಂಗ್ ಇದೆಯೋ ಇಲ್ಲವೋ ಎಂಬುದಾಗಲಿ ಒಂದು ಸಾಲಿನಲ್ಲೂ ಇಲ್ಲದಿರುವುದು ಸಣ್ಣ ಲೋಪವಲ್ಲ.

ಇನ್ನು ಹಿಂತಿರುಗಿಸುವ ವಿಷಯ. ಪೊಟ್ಟಣ ಬಂದ ಮೂರನೆಯ ದಿನವೇ ನಾನು ವಿನಂತಿ ಸಲ್ಲಿಸಿದೆನು. ಒಯ್ಯಲು ಬಂದ ಹುಡುಗ ‘ಇಂಥ ಚಾಕು ನಾವು ವಾಪಸ್ ತಗೊಳ್ಳಲ್ಲ, ಮೇಲಿನಿಂದ ಆದೇಶ ಇದೆ’ ಎಂದು ಬರಿಗೈಯಲ್ಲಿ ಹೋದನು. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಮನೆ ಬಾಗಿಲಿಗೆ ತಂದು ಕೊಡುವಾಗ ಅಪಾಯಕಾರಿ ಅಲ್ಲದ ವಸ್ತು ಹಿಂದಕ್ಕೆ ಒಯ್ಯುವಾಗ ಮಾತ್ರ ಅಪಾಯಕಾರಿಯಾಗುವುದು ಹೇಗೆ ಎಂಬುದಕ್ಕೆ ತಾವು ಉತ್ತರಿಸಬೇಕು. ಮೂರು ಬಾರಿ ಬರೆದರೂ ‘ಚಿತ್ರದಲ್ಲಿರುವಂತೆ ಮಡಚುವ ಚಾಕುವನ್ನೇ ಕೊಟ್ಟಿದ್ದೇವೆ’ ಎಂಬ ಒಂದೇ ಉತ್ತರ ಬಂದಿದೆ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ಸರಕನ್ನು ಮಾರಾಟಗಾರರು ಹಿಂಪಡೆಯಲು ನಿರಾಕರಿಸುವಂತಿಲ್ಲವೆಂದು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಹೇಳುತ್ತವೆ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸುವುದು ಅದೇ ನಿಯಮಗಳ ಪ್ರಕಾರ ತಮ್ಮ ಹೊಣೆ.

ಆದಕಾರಣ ನನ್ನ 649 ರೂಪಾಯಿಯನ್ನು ಮರಳಿಸಿ ಈ ಚಾಕುವನ್ನು ಒಯ್ಯಬೇಕೆಂದೂ, ತೋಟಗಾರಿಕೆ, ಅಡುಗೆಮನೆ ಮತ್ತು ಉಡುಗೊರೆ ವಿಭಾಗಗಳಿಂದ ಬಟನ್ ಚಾಕುಗಳನ್ನು ತೆಗೆಯಬೇಕೆಂದೂ, ಮಾರುವುದೇ ಆದರೆ ಸ್ಪ್ರಿಂಗ್ ಇರುವ ವಿಷಯವನ್ನೂ ಅಲಗಿನ ಅಳತೆಯನ್ನೂ ಕನ್ನಡದಲ್ಲಿಯೂ ಮುದ್ರಿಸಿ, ವಯಸ್ಸಿನ ದಾಖಲೆ ನೋಡಿ, ನಿರ್ಬಂಧವಿರುವ ಊರುಗಳ ಪಿನ್‌ಕೋಡ್‌ಗಳಿಗೆ ಕಳುಹಿಸದಂತೆ ತಡೆ ಹಾಕಬೇಕೆಂದೂ ಕೋರುತ್ತೇನೆ. ಒಂದು ತಿಂಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯಲ್ಲಿ ದೂರು ದಾಖಲಿಸಿ, ಬೀದರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತೇನೆ. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ ನಾನು ತಮ್ಮ ಊರಿಗೆ ಅಲೆಯಬೇಕಾಗಿಲ್ಲ.

ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅದನ್ನು ಎಸೆದರೆ ಇನ್ನೊಬ್ಬರ ಕೈ ಸೇರೀತೆಂಬ ಭಯದಿಂದ ಎಸೆದಿಲ್ಲ. ಒಯ್ಯಲು ಬರುವವರು ಸಹಿ ಮಾಡಿದ ರಸೀದಿ ಕೊಟ್ಟೇ ಒಯ್ಯಬೇಕು.

ತಮ್ಮ ವಿಶ್ವಾಸಿ,
ನರ್ಸರಿ ಮಾಲೀಕ, ಹುಮನಾಬಾದ್ ತಾಲ್ಲೂಕು

ಲಗತ್ತು: ಬಿಲ್ಲಿನ ಪ್ರತಿ, ಆ್ಯಪ್‌ನಲ್ಲಿದ್ದ ವಿವರಣೆಯ ಚಿತ್ರ, ಅಳತೆಪಟ್ಟಿಯ ಪಕ್ಕದಲ್ಲಿಟ್ಟ ಚಾಕುವಿನ ಚಿತ್ರ, ಆಸ್ಪತ್ರೆಯ ಚೀಟಿ.