ಸಚಿವರೇ, ಹಂದಿಗೆ ಬಂದದ್ದು ಯಾವ ವೈರಸ್ ಅಂತ ಪೂರ್ತಿ ಹೇಳಿ

ಮಾನ್ಯ ಪಶುಸಂಗೋಪನಾ ಸಚಿವರಿಗೆ ನಮಸ್ಕಾರ.

ನಾನು ಕೊಡಗಿನಲ್ಲಿ ಹಂದಿ ಸಾಕುವವನು, ದೊಡ್ಡ ಫಾರ್ಮ್ ಏನಲ್ಲ. ಹಸು-ಎಮ್ಮೆಗೆ ಇರುವ ಮರ್ಯಾದೆ ಹಂದಿಗೆ ವಿಧಾನಸೌಧದಲ್ಲಿ ಇಲ್ಲ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಕೇಳುತ್ತಿರುವುದು ಹೊಸ ಕಟ್ಟಡವೂ ಅಲ್ಲ, ಹೊಸ ಯೋಜನೆಯೂ ಅಲ್ಲ. ಸತ್ತ ಹಂದಿಯಿಂದ ತೆಗೆದ ಸ್ಯಾಂಪಲ್ಲನ್ನು ಇನ್ನೊಂದು ಹಂತ ಮುಂದೆ ಪರೀಕ್ಷಿಸಿ, ಸಿಕ್ಕ ಉತ್ತರವನ್ನು ನಮಗೂ ಹೇಳಿ. ಅಷ್ಟೇ.

2022ರ ಜುಲೈನಲ್ಲಿ ಪಕ್ಕದ ವಯನಾಡಿನ ಮಾನಂತವಾಡಿಯಲ್ಲಿ ಆಫ್ರಿಕನ್ ಹಂದಿಜ್ವರ ಬಂತಲ್ಲ, ಅಲ್ಲಿಂದೀಚೆಗೆ ನಮ್ಮಲ್ಲಿ ಹಂದಿ ಸತ್ತರೆ ಎಲ್ಲರ ಬಾಯಲ್ಲೂ ಅದೊಂದೇ ಹೆಸರು. ಭಯ ಸುಳ್ಳಲ್ಲ, ಅದಕ್ಕೆ ಮದ್ದಿಲ್ಲ. ಆದರೆ ಆಗುವುದು ಏನು? ಸ್ಯಾಂಪಲ್ ಹೋಗುತ್ತದೆ, "ಆಫ್ರಿಕನ್ ಹಂದಿಜ್ವರ ಇಲ್ಲ" ಅಂತ ಒಂದು ಸಾಲಿನ ರಿಪೋರ್ಟ್ ಬರುತ್ತದೆ, ಫೈಲ್ ಮುಚ್ಚುತ್ತದೆ. ನನಗೂ ಹೀಗೇ ಆಗಿದೆ. ಹಾಗಾದರೆ ಮರಿಗಳು ಏದುಸಿರು ಬಿಡುತ್ತಾ ಸತ್ತದ್ದು ಯಾಕೆ, ಗಬ್ಬದ ಹಂದಿಗಳು ಇನ್ನೇನು ಮರಿ ಹಾಕಬೇಕು ಅನ್ನುವಾಗ ಕಂದು ಹಾಕಿದ್ದು ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ.

ಉಸಿರಾಟದ ತೊಂದರೆ, ಕಂದು ಹಾಕುವುದು, ಎರಡೂ ಒಟ್ಟಿಗೆ ಕಂಡರೆ ಮೊದಲು ಅನುಮಾನ ಬರಬೇಕಾದದ್ದು ಪಿಆರ್‌ಆರ್‌ಎಸ್ ಅನ್ನುವ, ಹಂದಿಯ ಉಸಿರಾಟವನ್ನೂ ಗರ್ಭವನ್ನೂ ಕೆಡಿಸುವ ವೈರಸ್ ರೋಗದ ಮೇಲೆ. ಇದರ ವೈರಸ್ ಹಂದಿಯ ಶ್ವಾಸಕೋಶದಲ್ಲಿ ಕಾವಲಿಗಿರುವ ಜೀವಕೋಶಗಳನ್ನೇ ಹಿಡಿಯುತ್ತದೆ, ಆಮೇಲೆ ಬರುವ ಬ್ಯಾಕ್ಟೀರಿಯಾಗಳಿಗೆ ದಾರಿ ಸಲೀಸು. ಮನುಷ್ಯರಿಗೆ ಇದು ಅಂಟುವುದಿಲ್ಲ. ಈ ಮಾತನ್ನು ಇಲಾಖೆಯೇ ದಪ್ಪ ಅಕ್ಷರದಲ್ಲಿ ಹಾಕಬೇಕು, ಇಲ್ಲದಿದ್ದರೆ ಟಿವಿಯವರು 2009ರಲ್ಲಿ ಮನುಷ್ಯರಿಗೆ ಬಂದ ಎಚ್1ಎನ್1 ಜ್ವರದ ಜೊತೆ ಇದನ್ನೂ ಕಲಸಿ, ಪಂದಿ ಕರಿ ತಿನ್ನಬೇಡಿ ಅಂತ ಶುರು ಮಾಡುತ್ತಾರೆ.

ಸರಿ, ಪಿಆರ್‌ಆರ್‌ಎಸ್ ಪರೀಕ್ಷೆಯನ್ನೂ ಮಾಡಿದರು, ಇದೆ ಅಂತ ಬಂತು ಅಂದುಕೊಳ್ಳಿ. ಅದೂ ಸಾಲದು ಸ್ವಾಮಿ. ಇದು ಆರ್‌ಎನ್‌ಎ ವೈರಸ್. ಆಫ್ರಿಕನ್ ಹಂದಿಜ್ವರದ ವೈರಸ್ ನಿಧಾನವಾಗಿ ಬದಲಾದರೆ ಇದು ಪ್ರತಿ ಸಲ ನಕಲಾಗುವಾಗಲೂ ತಪ್ಪು ಮಾಡುತ್ತದೆ, ಆ ತಪ್ಪುಗಳನ್ನು ತಿದ್ದಿಕೊಳ್ಳುವುದೂ ಇಲ್ಲ. ಒಂದೇ ಹಂದಿಯೊಳಗೆ ಈ ವೈರಸ್ಸಿನ ಎರಡು ತಳಿ ಸೇರಿದರೆ ತುಂಡು ತುಂಡಾಗಿ ಕೂಡಿಕೊಂಡು ಮೂರನೆಯದೇ ಹುಟ್ಟಬಹುದು. ರೋಗ ಮೊದಲು ಕಂಡದ್ದು ಅಮೆರಿಕದಲ್ಲಿ, 1987ರ ಸುಮಾರಿಗೆ. ವೈರಸ್ಸನ್ನು ಮೊದಲು ಹಿಡಿದದ್ದು ನೆದರ್‌ಲ್ಯಾಂಡ್ಸ್‌ನ ಲೆಲಿಸ್ಟಾಡ್‌ನಲ್ಲಿ, 1991ರಲ್ಲಿ. ಆಮೇಲೆ ನೋಡಿದರೆ ಯುರೋಪಿನದಕ್ಕೂ ಅಮೆರಿಕದ್ದಕ್ಕೂ ಜೀನಿನಲ್ಲಿ ಹೋಲಿಕೆ 60% ಅಷ್ಟೇ! ಹೆಸರು ಒಂದೇ, ಒಳಗೆ ಎರಡು ಬೇರೆ ವೈರಸ್ ಇದ್ದ ಹಾಗೆ. ಈ ಎರಡು ಬಗೆಯಲ್ಲಿ ಒಂದೊಂದರೊಳಗೂ ಎಷ್ಟೋ ಕವಲುಗಳಿವೆ. ಕೆಲವು ಸುಮ್ನೆ ಒಂದೆರಡು ವಾರ ಕೆಮ್ಮಿಸಿ ಹೋಗುತ್ತವೆ, ಕೆಲವು ಕೊಟ್ಟಿಗೆ ಖಾಲಿ ಮಾಡುತ್ತವೆ.

ಖಾಲಿ ಮಾಡುವುದು ಅಂದರೆ ಹೇಗೆ ಅಂತ 2006ರಲ್ಲಿ ಚೀನಾ ನೋಡಿತು. 20 ಲಕ್ಷಕ್ಕಿಂತ ಜಾಸ್ತಿ ಹಂದಿಗಳಿಗೆ ರೋಗ ಬಂದು ಸುಮಾರು 4 ಲಕ್ಷ ಸತ್ತವು. ಇದು ಹಳೇ ವೈರಸ್ಸೇ ಬದಲಾಗಿ ಬಂದದ್ದು ಅಂತ ಗೊತ್ತಾದದ್ದು ಜೀನ್ ಓದಿದ ಮೇಲೆಯೇ, ಅಂದರೆ ವೈರಸ್ಸಿನ ಆನುವಂಶಿಕ ಬರಹವನ್ನು ಲ್ಯಾಬ್‌ನಲ್ಲಿ ಅಕ್ಷರ ಅಕ್ಷರವಾಗಿ ಓದಿದ ಮೇಲೆಯೇ. 2013ರಲ್ಲಿ ನಮ್ಮ ಮಿಜೋರಾಂನಲ್ಲಿ ಹಂದಿಗಳು ಸಾಯತೊಡಗಿದಾಗಲೂ ಜೀನ್ ಓದಿದ್ದರಿಂದಲೇ ಅದು ಚೀನಾದ ಆ ಉಗ್ರ ತಳಿಯ ಸಂಬಂಧಿ ಅಂತ ತಿಳಿದದ್ದು. ಪಿಆರ್‌ಆರ್‌ಎಸ್ ಭಾರತಕ್ಕೆ ಬಂದಿದೆ ಅಂತ ಖಚಿತವಾದದ್ದೂ ಆಗಲೇ. ಮಿಜೋರಾಂ ಎಲ್ಲೋ ದೂರ ಅನ್ನಬೇಡಿ. ಆಫ್ರಿಕನ್ ಹಂದಿಜ್ವರವೂ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಂಡು ಎರಡೂವರೆ ವರ್ಷದಲ್ಲಿ ವಯನಾಡಿಗೆ ಬಂದು ಮುಟ್ಟಿತು.

ಮಿಜೋರಾಂಗಿಂತ ಡೆನ್ಮಾರ್ಕಿನ ಕತೆ ನನಗೆ ಜಾಸ್ತಿ ಭಯ ಹುಟ್ಟಿಸಿತು. 2019ರಲ್ಲಿ ಅಲ್ಲಿನ ಒಂದು ವೀರ್ಯ ಕೇಂದ್ರದ ಗಂಡು ಹಂದಿಗಳಿಗೆ ಪಿಆರ್‌ಆರ್‌ಎಸ್ ಬಂತು, ಗೊತ್ತಾಗುವಷ್ಟರಲ್ಲಿ ವೀರ್ಯದ ಜೊತೆ ವೈರಸ್ಸೂ ಹಲವು ಫಾರ್ಮ್‌ಗಳಿಗೆ ಹೋಗಿಬಿಟ್ಟಿತ್ತು. ಜೀನ್ ಓದಿದರೆ ಅದು ಎರಡು ಬೇರೆ ಬೇರೆ ಲಸಿಕೆಗಳಲ್ಲಿದ್ದ ಜೀವಂತ ವೈರಸ್‌ಗಳು ಕೂಡಿ ಹುಟ್ಟಿದ್ದು! ಲಸಿಕೆ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಎಷ್ಟೋ ದೇಶಗಳು ಅದರಿಂದಲೇ ನಷ್ಟ ತಗ್ಗಿಸಿಕೊಂಡಿವೆ. ಆದರೆ ನಾಳೆ ಯಾರಾದರೂ ನಿಮ್ಮ ಕಚೇರಿಗೆ ಬಂದು ಈ ರೋಗಕ್ಕೆ ಒಳ್ಳೇ ಲಸಿಕೆ ಇದೆ ಅಂದರೆ, ನಮ್ಮಲ್ಲಿ ಓಡಾಡುತ್ತಿರುವ ತಳಿ ಯಾವುದು ಅಂತ ಮೊದಲು ಕೇಳಿ. ಒಂದು ತಳಿಗೆ ಮಾಡಿದ ಲಸಿಕೆ ದೂರದ ತಳಿಗೆ ಅರೆಬರೆ ಕೆಲಸ ಮಾಡುತ್ತದೆ.

ಹೀಗೆ ಜೀನ್ ಓದಿಸುವುದಕ್ಕೆ ಖರ್ಚು ವಿಪರೀತ ಅಂತ ಅಧಿಕಾರಿಗಳು ಹೇಳಬಹುದು. ಈ ವೈರಸ್ಸಿನ ಪೂರ್ತಿ ಆನುವಂಶಿಕ ಬರಹ ಸುಮಾರು 15,000 ಅಕ್ಷರ. ಅಷ್ಟೂ ಓದಬೇಕಾಗಿಲ್ಲ. ಒಆರ್‌ಎಫ್5 ಅನ್ನುವ ಸುಮಾರು 600 ಅಕ್ಷರದ ತುಂಡು ಓದಿದರೂ ಕೊಟ್ಟಿಗೆಯಲ್ಲಿ ಉಳಿದಿದ್ದ ಹಳೆಯದೇ ಮರುಕಳಿಸಿತೋ, ಹೊಸದು ಹೊರಗಿಂದ ಬಂತೋ, ಎರಡು ಊರಿನ ರೋಗದ ಮೂಲ ಒಂದೇನೋ ಅಂತ ಅಂದಾಜು ಸಿಗುತ್ತದೆ. ತಳಿಗಳು ಕೂಡಿಕೊಂಡ ಅನುಮಾನ ಇದ್ದರೆ ಮಾತ್ರ ಪೂರ್ತಿ ಓದಿ. ಅಮೆರಿಕದಲ್ಲಿ ಹಂದಿ ಡಾಕ್ಟರುಗಳು ಈ ತುಂಡನ್ನು ದಿನನಿತ್ಯ ಓದಿಸುತ್ತಾರೆ. ನಿಮಗೆ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ, ಯಲಹಂಕದಲ್ಲಿ ಪ್ರಾಣಿರೋಗಗಳ ಲೆಕ್ಕ ಇಡುವುದಕ್ಕೇ ಅಂತ ಕೇಂದ್ರದ ನಿವೇದಿ ಸಂಸ್ಥೆ ಇದೆ. ಎರಡೂ ಬೆಂಗಳೂರಲ್ಲೇ ಇವೆ, ಅಲ್ವಾ? ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ನಿಮ್ಮಿಂದ ಆಗದ ಕೆಲಸ ಏನಲ್ಲ.

ಇನ್ನು ದುಡ್ಡಿನ ವಿಷಯ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 10 ಗಂಡು ಹಂದಿಯ ಫಾರ್ಮ್‌ಗೆ ಅರ್ಧ ಖರ್ಚು, 30 ಲಕ್ಷದವರೆಗೆ ಸಬ್ಸಿಡಿ ಇದೆ. ಒಳ್ಳೆಯದೇ. ಆದರೆ ಆ 110 ಹಂದಿ ಎಲ್ಲಿಂದ ಬರುತ್ತವೆ, ರಕ್ತ ಪರೀಕ್ಷೆ ಆಗಿದೆಯಾ? ಈ ವೈರಸ್ ಹೊತ್ತ ಹಂದಿ ಹೊರಗೆ ಗಟ್ಟಿಮುಟ್ಟಾಗಿ ಕಾಣುತ್ತಲೇ ತಿಂಗಳುಗಟ್ಟಲೆ ರೋಗ ಹರಡಬಲ್ಲದು. ಪರೀಕ್ಷೆ ಇಲ್ಲದ ಹಂದಿಗೆ ಸಬ್ಸಿಡಿ ಕೊಟ್ಟರೆ ಸರ್ಕಾರವೇ ಲಾರಿ ಬಾಡಿಗೆ ಕೊಟ್ಟು ವೈರಸ್ ಸಾಗಿಸಿದ ಹಾಗಾಗುತ್ತದೆ.

ರೈತರೂ ಸಾಚಾ ಅಲ್ಲ, ಹೇಳಿಬಿಡುತ್ತೇನೆ. ಹಂದಿ ಕೆಮ್ಮಿದರೆ ಪಶು ಆಸ್ಪತ್ರೆಗೆ ಫೋನ್ ಮಾಡುವ ಬದಲು ರಾತ್ರೋರಾತ್ರಿ ಸಿಕ್ಕ ಬೆಲೆಗೆ ಮಾರುವವರಿದ್ದಾರೆ. ಆಫ್ರಿಕನ್ ಹಂದಿಜ್ವರ ಅಂತ ಬಂದು ಎಲ್ಲವನ್ನೂ ಕೊಲ್ಲಿಸಿಬಿಡುತ್ತಾರೆ ಅನ್ನುವ ಹೆದರಿಕೆ ಅವರದ್ದು. ಪಿಆರ್‌ಆರ್‌ಎಸ್ ಬಂದರೆ ಎಲ್ಲ ಕೊಲ್ಲಬೇಕಾಗಿಲ್ಲ, ಹೊಸ ಹಂದಿ ತರುವುದು ನಿಲ್ಲಿಸಿ ಮಂದೆಯನ್ನು ಸಂಭಾಳಿಸಬಹುದು. ಇದನ್ನು ನಿಮ್ಮ ಇಲಾಖೆ ಊರೂರಿಗೆ ಬಂದು ಹೇಳಿದರೆ ಸ್ಯಾಂಪಲ್ ತಾನಾಗಿಯೇ ಬರುತ್ತದೆ. ಸಿಕ್ಕ ಉತ್ತರ ಪ್ರಕಟಿಸುವಾಗ ಫಾರ್ಮಿನ ಹೆಸರು ಬೇಡ, ತಾಲ್ಲೂಕು ಮತ್ತು ವೈರಸ್ಸಿನ ತಳಿ ಯಾವುದು ಅಂತ ಹಾಕಿದರೆ ಸಾಕು. ಪಕ್ಕದ ತಾಲ್ಲೂಕಿನಿಂದ ಮರಿ ತರಬೇಕೋ ಬೇಡವೋ ಅಂತ ನಾವೇ ತೀರ್ಮಾನ ಮಾಡಿಕೊಳ್ಳುತ್ತೇವೆ.

ಹಿಂದಿನ ವರ್ಷಗಳಲ್ಲಿ "ಆಫ್ರಿಕನ್ ಹಂದಿಜ್ವರ ಇಲ್ಲ" ಅಂತ ಬಂದ ಸ್ಯಾಂಪಲ್‌ಗಳು ಲ್ಯಾಬ್‌ನ ಫ್ರೀಜರಿನಲ್ಲಿ ಉಳಿದಿದ್ದರೆ ಅವುಗಳಿಂದಲೇ ಶುರು ಮಾಡಿಸಿ. ಎಸೆದುಬಿಟ್ಟಿದ್ದರೆ, ಇನ್ನು ಮುಂದೆ ಎಸೆಯಬಾರದು ಅಂತ ಈ ವಾರವೇ ಒಂದು ಸುತ್ತೋಲೆ ಕಳಿಸಿ.

ಇಂತಿ,
ಕೊಡಗಿನ ಒಬ್ಬ ಹಂದಿ ಸಾಕಣೆಗಾರ